ಹೆಪ್ಪು

ಬೋರ್ಡಿನ ಮ್ಯಾಲ ಮರಾಠಿಯೊಳಗ ಬರದಾರ: ಸಾಂಡಪಾಣಿ.
ಚೆಲ್ಲಿದ ನೀರು ಅಂತ ಅರ್ಥ,
ಹೇಳಿಕೊಟ್ಟಾಂವ ಜೂನಿಯರ್ ಇಂಜಿನಿಯರ್.
ನಮ್ಮ ಮೈಂದರ್ಗಿಯ ಬಾಯಾಗ ಅದಕ್ಕ ಒಂದ ಹೆಸರು, ಗಟಾರ.
ಅಲ್ಲಿ ದುಡಿಯಾಕಿಗೂ ಅದ ಹೆಸರು.
ಗಟಾರ ಚಂಪವ್ವ.

ಟಾಕಿ ಕಟ್ಟಿ ಮುಗಿದ ಮ್ಯಾಲ ಗೊತ್ತಾತು
ಬರೇ ಗಾಳಿ ಊದಿದರ ನೀರು ತಿಳಿ ಆಗೂದಿಲ್ಲ,
ಒಳಗ ಜೀವ ಬೇಕು.
ಕಣ್ಣಿಗೆ ಕಾಣದ ಹುಳ,
ಊರ ಹೊಲಸು ಉಂಡು ಬದುಕೂವು.
ಸೊಲ್ಲಾಪುರದಿಂದ ಒಂದು ಟ್ಯಾಂಕರ್ ಕಂದು ರಾಡಿ ತರಿಸಿದರು.
ಸಾಹೇಬ ಅದಕ್ಕ ಇಂಗ್ಲಿಷಿನಾಗ ಏನೋ ಅಂದ.
ನಾ ಅಂದೆ, ಹೆಪ್ಪು.
ಬಾಜೂಮನಿಯಿಂದ ಅರ್ಧ ಚಮಚ ಮಜ್ಜಿಗಿ ಕಡ ತಂದು
ಹಾಲಿಗೆ ಬಿಡೂದಿಲ್ಲೇನು, ಹಂಗ.
ಅಂವ ನಕ್ಕ.
ಆಮ್ಯಾಲ ವಹಿಯೊಳಗ ಅದನ್ನ ಬರಕೊಂಡ.

ಅವತ್ತಿನಿಂದ ಎರಡು ಹೊತ್ತು ಸಾಕತೀನಿ.
ಐದು ಕಿಲೋ ಬೆಲ್ಲ,
ಗುರುಶಾಂತನ ಎಮ್ಮಿ ಸಗಣಿ ಎರಡು ಬುಟ್ಟಿ.
ಬಿಲ್ಲಿನಾಗ ಬೆಲ್ಲ ನೋಡಿ ಆಡಿಟಿನಾಂವ ಕೇಳಿದ,
ಯಾರ ಲಗ್ನ?

ಗಾಜಿನ ಕೊಳವಿಯೊಳಗ ಒಂದು ಲೀಟರ್ ತುಂಬಿಸಿ
ಅರ್ಧ ತಾಸು ಮುಟ್ಟದ ಕುಂದರತೀನಿ.
ಅತ್ತು ಅತ್ತು ನಿದ್ದಿಗೆ ಜಾರೂ ಕೂಸಿನಂಗ
ರಾಡಿ ತಳ ಹಿಡೀತದ.
ಮುನ್ನೂರರ ಗೆರಿಗೆ ನಿಂತರ
ನನಗ ಊಟ ಸೇರತದ.

ಊರು ಮುಚ್ಚಿಟ್ಟದ್ದೆಲ್ಲಾ ಇಲ್ಲಿ ಬರತದ.
ಸೋಮವಾರ ಸಬಕಾರದ ಬುರುಗು,
ಹಬ್ಬದ ಮರುದಿನ ಎಣ್ಣಿ ಪದರು,
ಹತ್ತನೇ ಇಯತ್ತೆಯ ರಿಸಲ್ಟ್ ಬಂದ ವಾರ
ಜಾಳಗಿಗೆ ಸಿಕ್ಕ ಹರಕು ಮಾರ್ಕ್ಸ್ ಕಾರ್ಡು,
ನಾಕ ಗುಳಿಗಿ ನುಂಗಿ ಒಗೆದ ಔಷಧದ ಪಟ್ಟಿ.
ಯಾರದು ಅಂತ ನಾ ಕೇಳಂಗಿಲ್ಲ.
ಕಂತ್ರಾಟದಾಗ ಹಂಗೇನೂ ಬರದಿಲ್ಲ,
ಆದರೂ ಕೇಳಂಗಿಲ್ಲ.

ನಮ್ಮತ್ತಿ ಇದನ್ನ ತಲಿಮ್ಯಾಲ ಹೊತ್ತಾಕಿ.
ನಸುಕಿನಾಗ, ಹಿತ್ತಲ ಸಂದಿಯೊಳಗ,
ಎದುರಿಗೆ ಯಾರರೆ ಬಂದರ ಗ್ವಾಡಿಗೆ ಮುಖ ಮಾಡಿ.
ಒಮ್ಮೆ ಆಕಿನ್ನ ಟಾಕಿ ನೋಡಾಕ ಕರಕೊಂಡು ಬಂದೆ.
ಭಾಳ ಹೊತ್ತು ಕಟಕಟಿ ಹಿಡಕೊಂಡು ನಿಂತಳು.
ನಾತ ಎಲ್ಲಿ ಹೋತು? ಅಂದಳು.
ಮೋಟಾರು ಜೋರಿತ್ತು,
ಕೇಳಿಸದಂಗ ಮಾಡಿದೆ.

ಮೇ ತಿಂಗಳ ಗಾಳಿಗೆ ಲೈಟಿನ ಕಂಬ ಬಿತ್ತು.
ಎರಡು ದಿನ ಕರೆಂಟಿಲ್ಲ.
ಡೀಸೆಲ್ಲು ನಗರಪರಿಷತ್ತಿನ ಯಾವುದೋ ಸಹಿಯೊಳಗ ಸಿಕ್ಕಿತ್ತು.
ಟಾಕಿ ಮೊದಲ ಸುಮ್ಮಾತು, ಆಮ್ಯಾಲ ಕಪ್ಪಾತು,
ಕೊಳೆತ ತತ್ತಿ ನಾತ ಬಸ್ ಸ್ಟ್ಯಾಂಡಿನ ತನಕ.
ಮೂಗು ಮುಚ್ಚಿಕೊಂಡು ಬಂದವರು ನನ್ನ ಬೈದು ಹೋದರು.
ಬಿದರಿನ ಗಳ ತಗೊಂಡು ರಾತ್ರಿಯೆಲ್ಲಾ ಕಲಕಿದೆ,
ಎರಡು ಲಕ್ಷ ಲೀಟರ್ ನೀರು,
ಹುಚ್ಚಿಯಂಗ.
ವಾಚ್‌ಮನ್ ಮಶಾಕ ಒಂದು ಬೀಡಿ ಸುಟ್ಟು ಮುಗಿಸಿ
ತಾನೂ ಒಂದು ಗಳ ಹಿಡಿದ.
ಎಷ್ಟು ಉಳಿದವೋ.
ಸತ್ತವುಗಳ ಲೆಕ್ಕಕ್ಕ ವಹಿಯೊಳಗ ಮನಿ ಕೊರದಿಲ್ಲ.

ಮೂರನೇ ದಿನ ಮೋಟಾರು ತಿರುಗಿತು.
ಕೊಳವಿ ತುಂಬಿಸಿ ಕುಂತೆ.
ಅರ್ಧ ತಾಸು.
ತಳದಾಗ ಬೆರಳಗಲ.

ಬೆಲ್ಲಕ್ಕ ಹೋದೆ.
ಕಿರಾಣಿ ಮಲಕಪ್ಪ ಇಷ್ಟು ದಿನ ನನ್ನ ಕೂಡ
ತೂಕ ಬಿಟ್ಟು ಬ್ಯಾರೆ ಮಾತಾಡಿದಾಂವಲ್ಲ.
ಅಂದು ಕೇಳಿದ,
ಬದುಕ್ಯಾವೇನ?
ಬೆರಳಗಲ, ಅಂದೆ.
ತಕ್ಕಡಿಯೊಳಗ ಒಂದು ಹೆಂಟಿ ಹೆಚ್ಚಿಗಿ ಇಟ್ಟ.
ಚಿಲ್ಲರ ಮಾತ್ರ
ಯಾವತ್ತಿನಂಗ ಮ್ಯಾಲಿಂದನ
ನನ್ನ ಅಂಗೈಗೆ ಬಿಟ್ಟ.