ಉಪ್ಪಿನವನ ಪಥ್ಯ

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು.
ಚೀಟಿಯ ಹಿಂದೆ ಹೃದಯದ ಚಿತ್ರ ಬರೆದು
ಎರಡು ಕಡೆ ಗೀಟೆಳೆದು ಹೇಳಿದಳು:
"ಇನ್ನು ಮೇಲೆ ಉಪ್ಪು ಕಮ್ಮಿ, ಸೆನ್ಯೋರ್ ಬೆಲ್ಮಿರು."
ನನ್ನ ಕೈ ನೋಡಿರಲಿಲ್ಲ ಅವಳು.

ಅವೇರೊದ ಹಿನ್ನೀರಿನಲ್ಲಿ ಐವತ್ತೊಂದು ಬೇಸಿಗೆ
ಉಪ್ಪಿನ ಮಡಿಗಳಲ್ಲಿ ಹಲಗೆ ಎಳೆದ ಕೈ.
ಬೆರಳ ಸಂದಿಯ ಸೀಳುಗಳು ಇವತ್ತಿಗೂ
ನಿಂಬೆಹಣ್ಣು ಹಿಂಡಿದರೆ ಎಚ್ಚರಾಗುತ್ತವೆ.

ಅದು ಬಂದದ್ದು ಬುಟ್ಟಿ ಹೊರುವಾಗ ಅಲ್ಲ,
ಹೊರುವುದು ಬಿಟ್ಟು ನಾಲ್ಕು ವರ್ಷವಾಗಿತ್ತು.
ಕಿಂಟೀನುವಿನ ಕ್ಷೌರದಂಗಡಿಯಲ್ಲಿ,
ಎಡಗೆನ್ನೆ ನುಣ್ಣಗೆ, ಬಲಗೆನ್ನೆಯಲ್ಲಿನ್ನೂ ನೊರೆ,
ಯಾರೋ ಎದೆಯ ಮೇಲೆ ಒದ್ದೆ ಮೂಟೆ ಇಳಿಸಿದ ಹಾಗೆ.
ಕನ್ನಡಿಯೊಳಗೆ ಕಿಂಟೀನುವಿನ ಬಾಯಿ ಆಡುತ್ತಲೇ ಇತ್ತು,
ಫುಟ್ಬಾಲಿನ ಮಾತು.
ಕತ್ತಿ ಮಾತ್ರ ನಿಂತಿತು.
ಐದು ದಿನ ಆಸ್ಪತ್ರೆಯಲ್ಲಿ
ಅರ್ಧ ಗಡ್ಡದ ಮನುಷ್ಯನಾಗಿ ಮಲಗಿದ್ದೆ.

ಹೂಳು, ಅಂದಳು ಡಾಕ್ಟರಮ್ಮ.
ಅಲ್ಲ, ಅವಳು ಅಂದದ್ದು ಬೇರೇನೋ,
ನನಗೆ ಕೇಳಿಸಿದ್ದು ಹೂಳು.
ಮಣಿಕಟ್ಟಿನಿಂದ ತಂತಿ ತೂರಿಸಿ ದಾರಿ ಬಿಡಿಸಿದರಂತೆ.
ತೂಬಿನ ಬಾಯಲ್ಲಿ ಬೆಳೆದವನು ನಾನು:
ತೆಗೆದ ಹೂಳು ಮತ್ತೆ ಬರುತ್ತದಲ್ಲ, ಅಂದೆ.
ಅವಳು ಇಲ್ಲ ಅನ್ನಲಿಲ್ಲ.
"ನಡೆಯಿರಿ" ಅಂದಳು.

ನಡೆಯುತ್ತೇನೆ. ಮಂಗಳವಾರ, ಗುರುವಾರ,
ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ, ಓಡುವ ಪಟ್ಟಿಯ ಮೇಲೆ.
ಪಕ್ಕದಲ್ಲಿ ಮೀನು ಹರಾಜಿನ ಗ್ರಾಸಿಯೆತೆ, ಎಪ್ಪತ್ತಾರು,
ಎದೆಗೆ ವೈರು ಅಂಟಿಸಿಕೊಂಡು ಬೈಯುತ್ತಾಳೆ:
"ಇಷ್ಟು ತುಳಿದದ್ದಕ್ಕೆ ಪೋರ್ತು ತಲುಪಬೇಕಿತ್ತು,
ಕಿಟಕಿಯಲ್ಲಿ ನೋಡಿದರೆ ಅದೇ ಹಾಳು ಪಾರ್ಕಿಂಗು!"
ನಗುವಾಗ ಪರದೆಯ ಮೇಲೆ ಅವಳ ಗೆರೆ ಕುಣಿಯುತ್ತದೆ.
ನನ್ನದೂ.
ಹೋದ ಗುರುವಾರ ಅವಳು ಬರಲಿಲ್ಲ.
ಯಾರೂ ಯಾರನ್ನೂ ಕೇಳಲಿಲ್ಲ.
ಮಂಗಳವಾರ ಬಂದಳು. ಹಲ್ಲು ಕೀಳಿಸಿಕೊಂಡಿದ್ದಳಂತೆ.

ಮನೆಯಲ್ಲಿ ದಿಯೊಲಿಂದಾಳ ರಾಜ್ಯಭಾರ.
ಉಪ್ಪಿನ ಭರಣಿ ಕಪಾಟಿನ ನೆತ್ತಿಗೇರಿದೆ.
ಎರಡು ದಿನ ನೆನೆಯುತ್ತಿದ್ದ ಒಣಮೀನು ಈಗ ನಾಲ್ಕು ದಿನ,
ಹೊತ್ತುಹೊತ್ತಿಗೆ ಹೊಸ ನೀರು.
ಉಪ್ಪು ತಿಂದವರು ನೀರು ಕುಡಿಯಲೇಬೇಕು;
ನಮ್ಮ ಮನೆಯಲ್ಲಿ ಮೀನೇ ಕುಡಿದು ತೀರಿಸುತ್ತದೆ.
ತಟ್ಟೆಗೆ ಬರುವಾಗ ಅದಕ್ಕೆ ಸಮುದ್ರದ ನೆನಪಿರುವುದಿಲ್ಲ.
ಅವಳೂ ಅದನ್ನೇ ತಿನ್ನುತ್ತಾಳೆ.
"ಅಭ್ಯಾಸ ಆಗುತ್ತೆ" ಅನ್ನುತ್ತಾಳೆ,
ಯಾರಿಗೆ ಹೇಳಿದ್ದೋ.

ರಾತ್ರಿ ಎಡಮಗ್ಗುಲಿಗೆ ತಿರುಗಿದರೆ
ದಿಂಬಿನೊಳಗೆ ಯಾರೋ ನಡೆದಾಡುತ್ತಾರೆ.
ಎಣಿಸಬಾರದು ಎಂದುಕೊಂಡೇ ಎಣಿಸುತ್ತೇನೆ.
ಮೊನ್ನೆ ನಾನೂರರ ಹತ್ತಿರ ಬಂದಾಗ
ಹಾಸಿಗೆಯ ಆ ಬದಿ ತಣ್ಣಗಿತ್ತು.
ಎದ್ದು ಹೋದೆ.
ಅಡುಗೆಮನೆಯ ಕತ್ತಲಲ್ಲಿ ಸ್ಟೂಲು ಹತ್ತಿ ಇಳಿದಿದ್ದಾಳೆ,
ಭರಣಿ ಕಂಕುಳಲ್ಲಿ,
ಅಂಗೈ ಮೇಲೆ ನಾಲ್ಕು ಹರಳು.
ಕಣ್ಣು ಮುಚ್ಚಿ ನೆಕ್ಕುತ್ತಿದ್ದಾಳೆ ನನ್ನ ಮುದುಕಿ,
ಬೆಲ್ಲ ಕದ್ದ ಹುಡುಗಿಯ ಹಾಗೆ.
ಬಾಗಿಲಲ್ಲಿ ನಿಂತೆ. ಕೆಮ್ಮಲಿಲ್ಲ.
ಎದೆ ಜೋರಾಗಿ ಹೊಡೆದುಕೊಂಡಿತು.
ಹೊಡೆದುಕೊಳ್ಳಲಿ ಎಂದು ಬಿಟ್ಟೆ.

ಬೆಳಿಗ್ಗೆ ಮಡಿಗಳ ಬದುವಿನ ಮೇಲೆ
ಎಂದಿಗಿಂತ ದೂರ ನಡೆದೆ.
ಪಾಳು ಬಿದ್ದವೇ ಹೆಚ್ಚು; ಕೆಸರಲ್ಲಿ ರಾಜಹಂಸಗಳು
ಕೊಕ್ಕು ತಲೆಕೆಳಗು ಮಾಡಿ ಏನನ್ನೋ ಸೋಸುತ್ತಿದ್ದವು.
ಇನ್ನೂ ಗದ್ದೆ ಬಿಡದ ಅಡೆಲಿನುವಿನ ಹತ್ತಿರ
ಹೊಸ ಉಪ್ಪಿನ ಕೆನೆ ಒಂದು ಹಿಡಿ ಕೇಳಿದೆ.
"ನಿನಗೆ ಬಿಡಿಸಿದ್ದಾರಲ್ಲೋ?"
"ನನಗಲ್ಲ."

ಮಧ್ಯಾಹ್ನ ಅವಳ ತಟ್ಟೆಯ ಆಲೂಗಡ್ಡೆಯ ಮೇಲೆ
ಮೂರು ಬೆರಳಲ್ಲಿ ಉದುರಿಸಿದೆ.
ಅವಳು ತಲೆ ಎತ್ತಲಿಲ್ಲ. ಕಿವಿ ಕೆಂಪಾಯಿತು.
ತಿಂದಳು.
ಬೆರಳನ್ನು ನಾನು ಬಟ್ಟೆಗೇ ಒರೆಸಿಕೊಂಡೆ,
ಡಾಕ್ಟರಮ್ಮ ನಂಬಲಿ, ಬಿಡಲಿ.

ಶನಿವಾರ ಕಿಂಟೀನುವಿನ ಅಂಗಡಿಗೆ ಹೋಗಬೇಕು.
ಅರ್ಧ ಗಡ್ಡದ ದುಡ್ಡು ಬಾಕಿ ಇದೆ.