ಪೂರ್ಣ ನಷ್ಟ

ಕಾಂಗರೂ ಎದ್ದು ಹೋಯಿತಂತೆ
ಮೈ ಕೊಡವಿ, ಒಮ್ಮೆ ತಿರುಗಿ ನೋಡಿ,
ಪೀಚ್ ತೋಟದ ಬೇಲಿ ಹಾರಿ.
ನಿಂತದ್ದು ನಮ್ಮ ಯಾರಿಸ್ ಮಾತ್ರ,
ಶೆಪರ್ಟನ್ನಿಂದ ಹನ್ನೊಂದು ಕಿಲೋಮೀಟರು,
ಕಾಲುವೆಯ ಪಕ್ಕ, ಮೂತಿ ಜಜ್ಜಿಕೊಂಡು.
ಒಳಗೆ ನೀಲವ್ವತ್ತೆ.
"ಹಿಟ್ಟಿನ ಚೀಲ ಒಡದಂಗ ಆತು ನೋಡವಾ," ಅಂದರು
ಏರ್‌ಬ್ಯಾಗಿನ ಪುಡಿಗೆ ಕೆಮ್ಮುತ್ತ ಫೋನಿನಲ್ಲಿ.
"ನಂಗೇನೂ ಆಗಿಲ್ಲ. ಗಾಡಿನೂ ಚಲೋ ಐತಿ.
ಹಾರ್ನ್ ಹೊಡೀತೈತಿ."

ಹಾರ್ನ್ ನಿಜಕ್ಕೂ ಹೊಡೆಯುತ್ತಿತ್ತು.
ವೈಪರು ಆಡುತ್ತಿತ್ತು, ಮಳೆಯಿಲ್ಲದ ಗಾಜಿನ ಮೇಲೆ.
ರೇಡಿಯೋ ಕುರಿಗಳ ಧಾರಣೆ ಓದುತ್ತಿತ್ತು.

ಒಂಬತ್ತನೆಯ ದಿನ ಇನ್ಶೂರೆನ್ಸಿನ ಟಮಾರಾ,
ಮರುಕದ ತರಬೇತಿ ಪಡೆದ ದನಿ:
ರಿಪೇರಿಗೆ ಒಂಬತ್ತು ಸಾವಿರದ ನಾನೂರು,
ಕಾರಿನ ಬೆಲೆ ಎಂಟು ಸಾವಿರದ ನೂರು,
ಆದ್ದರಿಂದ ಟೋಟಲ್ ಲಾಸ್.

ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಬೇಕು.
ಪೂರ್ಣ ನಷ್ಟ, ಅಂದೆ.
ಹುಣ್ಣಿಮೆಯ ಪಕ್ಕ, ತುಂಬಿದ ಕೊಡದ ಪಕ್ಕ
ಕೂತು ರೂಢಿಯಾದ ಮಾತು
ನಷ್ಟದ ಪಕ್ಕ ಮುದುಡಿ ಕೂತಿತು.

"ಸತ್ತಿಲ್ಲಲ್ಲ ಅದು?"
ಇಲ್ಲ. ಉಳಿಸುವ ಖರ್ಚು ಅದರ ಬೆಲೆಗಿಂತ ಹೆಚ್ಚು, ಅಷ್ಟೇ.
ಚಹಾ ಸೋಸುತ್ತಿದ್ದವರು ಸೋಸುತ್ತಲೇ ಇದ್ದರು.
"ಬರೋ ತಿಂಗಳ ನನ್ನ ಮೊಣಕಾಲಿನ ಆಪರೇಷನ್ ಐತೆಲ್ಲ,
ಅದಕ್ಕೂ ಹಿಂಗ ಲೆಕ್ಕ ಹಾಕ್ತಾರೇನು?"

ಎರಡು ಬೆಲೆಗಳಿರುತ್ತವೆ. ಮೊದಲೇ ಮಾತಾಡಿ ಒಪ್ಪಿದ್ದು,
ಇಲ್ಲವೇ ಆವತ್ತಿನ ಸಂತೆಯಲ್ಲಿ ಬಂದಷ್ಟು.
ವರ್ಷಕ್ಕೆ ಅರವತ್ತು ಡಾಲರ್ ಉಳಿಯುತ್ತದೆಂದು
ಎರಡನೆಯದಕ್ಕೆ ಗುರುತು ಹಾಕಿದವಳು ನಾನೇ.
ಎಕ್ಸೆಸ್ ಎಂದು ಎಂಟುನೂರು ಹೋಯಿತು,
ವರ್ಷದಲ್ಲಿ ಉಳಿದ ಕಂತುಗಳು ಹೋದವು,
ಹಿಂಬಾಗಿಲ ಹಳೆಯ ಗೀರಿಗೆ ಮುನ್ನೂರು.

ಆ ಗೀರು ಸೂಪರ್‌ಮಾರ್ಕೆಟ್ಟಿನ ಕಂಬದ್ದು.
ಅರವತ್ತೊಂದರ ವಯಸ್ಸಿನಲ್ಲಿ, ಹಳದಿ ಎಲ್ ಫಲಕ ಹಚ್ಚಿ
ಅತ್ತೆ ಮೊದಲ ಸಲ ರಿವರ್ಸ್ ತೆಗೆದ ದಿನ.
ಕೆಳಗಿಳಿದು ಕಂಬವನ್ನೇ ಕೇಳಿದ್ದರು,
"ನೀ ಯಾಕ ಅಡ್ಡ ಬಂದಿ?"
ಫಾರ್ಮಿನಲ್ಲಿ ಅದಕ್ಕೆ, ಅಪಘಾತಕ್ಕೆ ಮುಂಚಿನ ಹಾನಿ.

ನಾನೂ ಬಿಡಲಿಲ್ಲ.
ಅದೇ ವರ್ಷದ, ಅಷ್ಟೇ ಓಡಿದ ಮೂರು ಯಾರಿಸ್ ಹುಡುಕಿದೆ,
ಬೆಂಡಿಗೋದ್ದು, ವಾಂಗರಟ್ಟಾದ್ದು, ಎಚುಕಾದ್ದು.
ಎತ್ತಿನ ಹಲ್ಲೆಣಿಸಿದ ಹಾಗೆ ಒಂದೊಂದನ್ನೂ ಎಣಿಸಿ ಬರೆದೆ.
ಟಮಾರಾ ಎರಡು ದಿನ ಬಿಟ್ಟು
ಆರುನೂರ ಐವತ್ತು ಏರಿಸಿದಳು.
"ಚೌಕಾಸಿ ಬರ್ತೈತಿ ನಿನಗ," ಅಂದರು ಅತ್ತೆ.
ಹದಿನಾಲ್ಕು ವರ್ಷದಲ್ಲಿ ಸಿಕ್ಕ ಮೊದಲ ಮೆಚ್ಚುಗೆ.

ಯಾರ್ಡಿನ ಗೇಟು ತೆಗೆದವನು ಹೈದರ್, ಬಸ್ರಾದವನು.
ಸಾಮಾನು ತೆಗೆದುಕೊಳ್ಳಿ, ಕೀಲಿ ಕೊಡಿ, ಹತ್ತು ನಿಮಿಷ.
ಇದಿನ್ನು ಹರಾಜಿಗೆ. ಯಾರೋ ಕೊಂಡು, ಬೇರೆ ಮೂತಿ ಕೂರಿಸಿ,
ತಪಾಸಣೆ ಮಾಡಿಸಿ ರಸ್ತೆಗೆ ಬಿಟ್ಟಾರು.
ಸರಕಾರದ ದಾಖಲೆಯಲ್ಲಿ ಮಾತ್ರ
ಒಮ್ಮೆ ಹೋಗಿ ಬಂದದ್ದು ಎಂಬ ಮಚ್ಚೆ.

"ಹಂಗಾರ ಪೂರ್ಣ ಎಲ್ಲಿ ಆತು?"
ಅತ್ತೆ ಕೇಳಿದ್ದು ಹೈದರನನ್ನು, ಕನ್ನಡದಲ್ಲೇ.
ಅವನು ಬಾನೆಟ್ ತಟ್ಟಿ ಅರಬ್ಬಿಯಲ್ಲಿ ಏನೋ ಅಂದ.
ಇಬ್ಬರೂ ಒಪ್ಪಿಕೊಂಡಂತೆ ತಲೆಯಾಡಿಸಿದರು.

ಡಿಕ್ಕಿಯಲ್ಲಿ ಕೊಡೆ, ಡಬ್ಬಿಯಲ್ಲಿ ಗುರೆಳ್ಳು ಪುಡಿ,
ಪಾರ್ಕಿಂಗಿಗೆಂದು ಕೂಡಿಟ್ಟ ಚಿಲ್ಲರೆ.
ಅತ್ತೆ ಯಾವುದನ್ನೂ ಮುಟ್ಟಲಿಲ್ಲ.
ಡ್ರೈವರ್ ಸೀಟಿನ ದಿಂಬು ಎತ್ತಿಕೊಂಡರು,
ಹಳೇ ಇಳಕಲ್ ಸೀರೆಯ ಅರಿವೆಯದು,
ಸ್ಟೀರಿಂಗಿನ ಮೇಲಿಂದ ರಸ್ತೆ ಕಾಣಲೆಂದು ಹೊಲಿದದ್ದು.
ಕೊಡವಿದರು. ಬಿಳಿ ಪುಡಿ ಹಾರಿತು.

ಬಾಡಿಗೆ ಕಾರು. ನಾನು ನಡೆಸುತ್ತಿದ್ದೆ.
ಪಕ್ಕದ ಸೀಟಿಗೆ ಅದನ್ನೇ ಹಾಸಿ ಕೂತರು.
ಇಲ್ಲಿ ಬೇಕಿಲ್ಲವಲ್ಲ, ಅಂದೆ.
"ಇಷ್ಟ ಎತ್ತರದಿಂದ ನೋಡಿ ರೂಢಿ ಆಗೈತಿ."
ಕಾಲುವೆ ಬಂತು. ಬೇಲಿ ಬಂತು.
ಅತ್ತೆಯ ಬಲಗಾಲು
ಇಲ್ಲದ ಬ್ರೇಕನ್ನು ಮೆಲ್ಲಗೆ ಒತ್ತಿತು.