ಇಷ್ಟೇನಾ ಕೋಟೆ?

"ಇಷ್ಟೇನಾ?" ಅಂತಾರೆ ಬಂದವರೆಲ್ಲ,
ಚಪ್ಪಲಿಯ ಧೂಳು ಕೊಡವುವ ಮೊದಲೇ.
ಇಷ್ಟೇ ಸ್ವಾಮಿ.
ಆನೆ ನುಗ್ಗುವಷ್ಟು ಬಾಗಿಲು, ಮೊಳೆ ಹೊಡೆದ ಹಲಗೆ,
ಒಂದು ಅಂಗಳ, ಒಬ್ಬ ಗಣಪ,
ಬಗ್ಗಿ ನೋಡಿದರೆ ಬಾವಲಿ ವಾಸನೆಯ ಕತ್ತಲೆಕೋಣೆ.
ಹುಲ್ಲಿನ ಮೇಲೆ ಕೂರಬೇಡಿ.

ಮೊದಲು ಮಣ್ಣಿನದಿತ್ತಂತೆ.
ಆಮೇಲೆ ಕಲ್ಲಿನದಾಯಿತು.
ಆಮೇಲೆ ಒಂದು ಬೆಳುದಿಂಗಳ ರಾತ್ರಿ
ತೋಪಿನ ಗುಂಡು ತಿಂದು ಬಾಯಿ ಬಿಟ್ಟಿತು.
ಗೋಡೆ ಒಡೆದ ಜಾಗ ಅಂತ ಹೊರಗೊಂದು ಫಲಕ ಇದೆ,
ಗೆದ್ದವರು ಬರೆಸಿದ್ದು.
ಸತ್ತವರ ಹೆಸರು ಅದರಲ್ಲಿ ಹುಡುಕಬೇಡಿ.

ಉಳಿದದ್ದು ಎಲ್ಲಿ ಅಂದರೆ
ಸುಮ್ಮನೆ ಸುತ್ತ ಕೈ ಬೀಸುತ್ತೇನೆ:
ಹೆರಿಗೆ ವಾರ್ಡಿನಡಿ ಒಂದು ಬುರುಜು ಇರಬಹುದು,
ಸೇವಂತಿಗೆಯನ್ನು ಮೊಳದಲ್ಲಿ ಅಳೆಯುವ ಕಟ್ಟೆಯಡಿ ಕಂದಕ.
ಕಲಾಸಿಪಾಳ್ಯದಲ್ಲಿ ಲಾರಿ ರಿವರ್ಸ್ ತೆಗೆಯುವಾಗ
ನಡುಗುವುದು ಯಾರ ಅಡಿಪಾಯವೋ.

ಒಂದು ಕಲ್ಲಿನ ವಿಳಾಸ ಮಾತ್ರ ನನಗೆ ಗೊತ್ತು.
ಗೋಡೆ ಕೆಡವುವ ಕೂಲಿಗೆ ಹೋದ ಮುತ್ತಾತ ಪಿಳ್ಳಪ್ಪ
ಸಂಜೆ ಗಾಡಿಯಲ್ಲಿ ಒಂದು ಚಪ್ಪಡಿ ತಂದ.
ಅದರ ಮಗ್ಗುಲಲ್ಲಿ ಅರ್ಧ ಹಂಸ,
ಕೊಕ್ಕು ಇನ್ನಾವುದೋ ಕಲ್ಲಿನಲ್ಲಿ ಉಳಿದುಹೋಗಿದೆ.
ನಾಲ್ಕು ತಲೆಮಾರು ಅದರ ಮೇಲೆ ಬಟ್ಟೆ ಒಗೆದೆವು.
ಈ ಯೂನಿಫಾರ್ಮೂ ಅಲ್ಲೇ, ವಾರಕ್ಕೆರಡು ಸಲ.

ಹೋದ ಆಷಾಢದಲ್ಲಿ ಮನಸ್ಸು ತಡೆಯಲಿಲ್ಲ.
ಲಗೇಜ್ ಆಟೋಗೆ ಹಾಕಿಸಿ ತಂದೆ, ಬಾಡಿಗೆ ನಾನೂರು.
ಸಾಹೇಬರು ಕನ್ನಡಕ ಏರಿಸಿದರು:
"ದಾಖಲೆ ಎಲ್ಲಿ?"
ಮುತ್ತಾತನ ಬಾಯಲ್ಲಿತ್ತು ಸಾರ್, ಮಣ್ಣಾಯಿತು.
ನಗಲಿಲ್ಲ ಅವರು. ನೋಂದಣಿ ಇಲ್ಲದ ಕಲ್ಲು ಒಳಗೆ ಬರುವಂತಿಲ್ಲ.
ಕೋಟೆಯ ಬಾಗಿಲಲ್ಲಿ ಕೋಟೆಯ ಕಲ್ಲನ್ನು
ಅಡ್ಡ ನಿಂತು ತಡೆದವನು
ನಾನೇ. ಕಾವಲು ನನ್ನದಲ್ಲವೇ?

ವಾಪಸ್ಸಿಗೆ ಆಟೋದವನು ಐನೂರು ಕೇಳಿದ.
ಅಕ್ಕಯಮ್ಮ ಒಂದು ಮಾತೂ ಆಡಲಿಲ್ಲ;
ನೆನೆಹಾಕಿದ ಬಟ್ಟೆಯ ಬಕೆಟ್ಟು ಪಕ್ಕದಲ್ಲಿಟ್ಟುಕೊಂಡು
ಕಲ್ಲಿದ್ದ ಹಳ್ಳದಲ್ಲಿ ಎರೆಹುಳುಗಳನ್ನು ನೋಡುತ್ತಿದ್ದಳು.

ಹಾಗಾಗಿ, ಇಷ್ಟೇ ಸ್ವಾಮಿ.
ಫೋಟೋ ಬೇಕಿದ್ದರೆ ಕಮಾನಿನ ಕೆತ್ತನೆ ತೆಗೆಯಿರಿ,
ಹೊತ್ತು ವಾಲಿದಾಗ ಗಾರೆಗೆ ಜೇನಿನ ಬಣ್ಣ ಬರುತ್ತದೆ.
ಐದೂವರೆಗೆ ಬೀಗ.

ಈ ಅಂಗಿಯ ಮಡಿಕೆಯಲ್ಲಿ ಒಂದಿಷ್ಟು ಕಲ್ಲಿನ ಪುಡಿ
ದಿನಾ ನನ್ನ ಜೊತೆ ಒಳಗೆ ಬರುತ್ತದೆ.
ಅದಕ್ಕೆ ಯಾರೂ ಇನ್ನೂ
ದಾಖಲೆ ಕೇಳಿಲ್ಲ.